ಎಷ್ಟು ಗಂಟೆಗೆ ಏಳಬೇಕು ಎಂದು ಕೇಳುವ ಕಥೆಗಾರರಿಗೆ

ಬಸವನಗುಡಿಯ ಕಥಾ ಕಮ್ಮಟವಿರಲಿ, ವೈಟ್‌ಫೀಲ್ಡ್‌ನ ಯಾವುದೋ ಅಪಾರ್ಟ್‌ಮೆಂಟಿನ ಕನ್ನಡ ಬಳಗವಿರಲಿ, ಪ್ರಶ್ನೋತ್ತರ ಶುರುವಾದ ಕೂಡಲೇ ಬರುವ ಮೊದಲ ಪ್ರಶ್ನೆ ಒಂದೇ: "ಮೇಡಂ, ದಿನಾ ಎಷ್ಟು ಪದ ಬರೀಬೇಕು?" ಅದರ ಬೆನ್ನಿಗೇ ಬೆಳಗ್ಗೆಯೋ ರಾತ್ರಿಯೋ, ಇಡೀ ಹಂದರ ಮೊದಲೇ ಹಾಕಿಕೊಳ್ಳಬೇಕೋ ಬೇಡವೋ, ಕೈಬರಹವೋ ಮೊಬೈಲೋ. ಬರೆಯುತ್ತಿರುವ ಕಥೆಯ ಬಗ್ಗೆ ಯಾರಾದರೂ ಬಾಯಿ ಬಿಡುವಷ್ಟರಲ್ಲಿ ಕಾಫಿಯ ಹೊತ್ತಾಗಿರುತ್ತದೆ. ಪ್ರಕಾಶಕರಿಗೆ ಬಂದ ಹಸ್ತಪ್ರತಿಗಳನ್ನು ಓದಿ ತಿದ್ದುವುದು ನನ್ನ ಕೆಲಸ. ಈ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ನನಗೆ ಸಾಕಾಗಿದೆ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ಕಥೆ ಹೇಳಬಲ್ಲ ಜನ ಇದರಲ್ಲೇ ಸಿಕ್ಕಿಹಾಕಿಕೊಂಡು ಒದ್ದಾಡುವುದನ್ನು ನೋಡಲಾಗುವುದಿಲ್ಲ.

ಬರೆಯುವ ಕ್ರಮ ಬೇರೆ, ಬರೆದದ್ದರ ಗುಣ ಬೇರೆ. ಓದುಗರ ಕೈಗೆ ಸೇರುವುದು ಪುಟ ಮಾತ್ರ. ಅದನ್ನು ಐದು ಗಂಟೆಗೆ ಎದ್ದು ಬರೆದಿರೋ, ನೇರಳೆ ಮಾರ್ಗದ ಮೆಟ್ರೋದಲ್ಲಿ ನಿಂತುಕೊಂಡು ಟೈಪ್ ಮಾಡಿದಿರೋ, ಕೊನೆಯ ಅಧ್ಯಾಯವನ್ನೇ ಮೊದಲು ಬರೆದಿರೋ, ಓದುವವರಿಗೆ ತಿಳಿಯುವುದಿಲ್ಲ, ತಿಳಿಯಬೇಕಾಗಿಯೂ ಇಲ್ಲ. ಕಥೆ ಹೇಳುತ್ತಿರುವವರು ಯಾರು, ಈ ಮಾತು ಅವರ ಬಾಯಲ್ಲಿ ಬರುವಂಥದ್ದೇ, ಇದೆಲ್ಲ ಯಾವ ಕಾಲದಲ್ಲಿ ನಡೆಯುತ್ತಿದೆ ಎಂಬುದು ತಿಳಿಯಬೇಕು. "ಒಂದು ದಿನವೂ ತಪ್ಪಿಸದೆ ಸಾವಿರ ಪದ ಬರೆದಿದ್ದೇನೆ" ಎಂದು ಹಸ್ತಪ್ರತಿ ಮುಂದಿಡುವವರ ಶ್ರದ್ಧೆಗೆ ಕೈಮುಗಿಯುತ್ತೇನೆ. ಆದರೆ ಹಸ್ತಪ್ರತಿ ಓದುವಾಗ ಆ ಶ್ರದ್ಧೆಗೆ ಅಂಕ ಕೊಡಲು ಬರುವುದಿಲ್ಲ.

ಇಷ್ಟಕ್ಕೂ ಈ ನಿಯಮಗಳು ಯಾರ್ಯಾರದೋ ಬದುಕಿನ ಅನುಕೂಲದಿಂದ ಹುಟ್ಟಿದವು. ಇಂಗ್ಲಿಷ್ ಕಾದಂಬರಿಕಾರ ಆಂಟನಿ ಟ್ರಾಲಪ್ ಗಡಿಯಾರ ಎದುರಿಗಿಟ್ಟುಕೊಂಡು ಕಾಲು ಗಂಟೆಗೆ 250 ಪದ ಬರೆಯುತ್ತಿದ್ದರು. 1883ರಲ್ಲಿ ಬಂದ ಅವರ ಆತ್ಮಕಥೆಯಲ್ಲಿ ಅದು ಇದೆ, ಅದನ್ನು ಎಲ್ಲರೂ ಹೇಳುತ್ತಾರೆ. ಅವರು ಅಂಚೆ ಇಲಾಖೆಯ ಅಧಿಕಾರಿ, ಕೆಲಸಕ್ಕೆ ಹೋಗುವ ಮುಂಚೆ ಬರವಣಿಗೆ ಮುಗಿಯಬೇಕಿತ್ತು. ಬೆಳಗ್ಗೆ ಐದೂವರೆಗೆ ಮೇಜಿನ ಮುಂದೆ ಕೂರಲು ತಮ್ಮನ್ನು ಎಬ್ಬಿಸುವ ಆಳಿಗೆ ವರ್ಷಕ್ಕೆ 5 ಪೌಂಡ್ ಹೆಚ್ಚಿಗೆ ಕೊಡುತ್ತಿದ್ದರು. ಅದೂ ಅದೇ ಪುಸ್ತಕದಲ್ಲಿದೆ, ಅದನ್ನು ಯಾರೂ ಹೇಳುವುದಿಲ್ಲ. ಐದೂವರೆಗೆ ಎದ್ದು ಮಕ್ಕಳ ಡಬ್ಬಿ ಕಟ್ಟಿ, ಏಳಕ್ಕೆ ಕಂಪನಿ ಬಸ್ ಹಿಡಿಯುವ ಹೆಣ್ಣುಮಗಳು ಈ ನಿಯಮ ಪಾಲಿಸಲಾಗದ್ದಕ್ಕೆ ತಾನು ಲೇಖಕಿಯೇ ಅಲ್ಲ ಅಂದುಕೊಳ್ಳುತ್ತಾಳಲ್ಲ, ನನಗೆ ಸಂಕಟವಾಗುವುದು ಅಲ್ಲಿ.

1999ರಲ್ಲಿ ಅಮೆರಿಕದಲ್ಲಿ ಶುರುವಾದ, ನವೆಂಬರ್ ಒಂದೇ ತಿಂಗಳಲ್ಲಿ ಕಾದಂಬರಿ ಬರೆಯುವ ಸವಾಲು ಇನ್ನೊಂದು. 30 ದಿನದಲ್ಲಿ 50,000 ಪದ, ಅಂದರೆ ದಿನಕ್ಕೆ ಸುಮಾರು 1,667. ಅದನ್ನು ನಡೆಸುತ್ತಿದ್ದ ಸಂಸ್ಥೆ 2025ರಲ್ಲಿ ಬಾಗಿಲು ಹಾಕಿತು, ಆ ಸಂಖ್ಯೆ ಮಾತ್ರ ನಮ್ಮ ಹುಡುಗರ ತಲೆಯಿಂದ ಇಳಿದಿಲ್ಲ. ಅದು ಇಂಗ್ಲಿಷಿನ ಲೆಕ್ಕ. ಅಲ್ಲಿ ಮೂರು ನಾಲ್ಕು ಪದ ಬೇಡುವುದನ್ನು ನಾವು ಪ್ರತ್ಯಯ ಸೇರಿಸಿ ಒಂದೇ ಪದದಲ್ಲಿ ಮುಗಿಸುತ್ತೇವೆ. ಅದೇ ಸಂಖ್ಯೆ ಮುಟ್ಟಬೇಕೆಂದು ಹೊರಟವರು ವಿಶೇಷಣ ತುರುಕುತ್ತಾರೆ, ನಾನು ಕೂತು ಅವನ್ನೇ ಹೊಡೆದುಹಾಕುತ್ತೇನೆ.

ಕುವೆಂಪು ಅವರ ಮೊದಲ ಕಾದಂಬರಿ ಬಂದದ್ದು 1936ರಲ್ಲಿ, ಎರಡನೆಯದು 1967ರಲ್ಲಿ. ಅನಂತಮೂರ್ತಿ 'ಸಂಸ್ಕಾರ' ಬರೆದದ್ದು ಬರ್ಮಿಂಗ್‌ಹ್ಯಾಮ್‌ನಲ್ಲಿ, ಪಿಎಚ್‌ಡಿ ಮಾಡುತ್ತಿದ್ದಾಗ. ಇವರಿಬ್ಬರಿಂದ ದಿನಕ್ಕೆ ಎಷ್ಟು ಪದ ಎಂಬ ನಿಯಮ ತೆಗೆಯುವುದಾದರೂ ಹೇಗೆ?

ನಿಯಮವೇ ಕಥೆ ಕೆಡಿಸಿದ ಒಂದು ಪ್ರಸಂಗ ಹೇಳುತ್ತೇನೆ. ಬ್ಯಾಂಕಿನಿಂದ ನಿವೃತ್ತರಾದ ಹಿರಿಯರೊಬ್ಬರು ಕಾದಂಬರಿ ತಂದರು. ಎಂಟು ವರ್ಷದ ಹುಡುಗ ತನ್ನ ಮನೆ ಪಾಲಾದ ಕಥೆ ಹೇಳುತ್ತಾನೆ. ಮೊದಲೆರಡು ಅಧ್ಯಾಯ ಓದಿ ನನಗೆ ಖುಷಿಯಾಗಿತ್ತು. ಪಾಲು ಪಂಚಾಯ್ತಿಯಾದ ರಾತ್ರಿಯ ಊಟದ ಬಗ್ಗೆ ಹುಡುಗ ಹೇಳುವುದು ಇಷ್ಟೇ: "ಅಜ್ಜಿ ಅವತ್ತು ಯಾರ ತಟ್ಟೆಗೂ ತುಪ್ಪ ಹಾಕಲಿಲ್ಲ." ಮೂರನೆಯ ಅಧ್ಯಾಯಕ್ಕೆ ಬಂದರೆ ಅದೇ ಹುಡುಗ "ಅಜ್ಜಿಯ ಮೌನದಲ್ಲಿ ಒಂದು ಬಗೆಯ ಪ್ರತಿಭಟನೆಯಿತ್ತು" ಅನ್ನುತ್ತಾನೆ. ಅಲ್ಲಿಂದ ಕೊನೆಯವರೆಗೆ ಹುಡುಗನ ದನಿ ಹೋಗಿ ಮ್ಯಾನೇಜರರ ದನಿ.

"ಇದು ನಿಮ್ಮ ಗಮನಕ್ಕೆ ಬರಲಿಲ್ವಾ ಸರ್?" ಅಂದೆ.

"ಬಂತಮ್ಮ, ಅವತ್ತೇ ಬಂತು. ಮೊದಲ ಕರಡು ಮುಗಿಯೋವರೆಗೆ ಹಿಂತಿರುಗಿ ನೋಡಬಾರದು ಅಂತಾರಲ್ಲ, ಅದಕ್ಕೆ ಮುಂದೆ ಹೋದೆ."

ಒಂದು ಪುಟದಲ್ಲಿ ಸರಿಯಾಗಬಹುದಾಗಿದ್ದ ತಪ್ಪು ಮುನ್ನೂರು ಪುಟಕ್ಕೆ ಹಬ್ಬಿತ್ತು. ಅಕ್ಷರದ ತಪ್ಪನ್ನೋ ಪಾತ್ರದ ಹೆಸರನ್ನೋ ಆಮೇಲೆ ತಿದ್ದಬಹುದು. ಹೇಳುವವನ ದನಿ ತಪ್ಪಿದರೆ ಮುಂದಿನದೆಲ್ಲ ಆ ದನಿಯಲ್ಲೇ ಹುಟ್ಟುತ್ತದೆ, ಆಮೇಲೆ ತಿದ್ದುವುದಲ್ಲ, ಮತ್ತೆ ಬರೆಯುವುದೇ. ಅವರು ಮತ್ತೆ ಬರೆಯುತ್ತಿದ್ದಾರೆ. ಒಂದೊಂದು ಅಧ್ಯಾಯವನ್ನೂ ಹೆಂಡತಿಗೆ ಓದಿಹೇಳಿ ಮುಂದಕ್ಕೆ ಹೋಗುತ್ತಾರೆ.

ಹಾಗೆಂದು ಆ ನಿಯಮ ಕೆಟ್ಟದ್ದು ಅನ್ನಲಾರೆ. ಮೊದಲ ಅಧ್ಯಾಯವನ್ನೇ ತಿದ್ದುತ್ತ ವರ್ಷಗಟ್ಟಲೆ ಎರಡನೆಯದಕ್ಕೆ ಕಾಲಿಡದ ಲೇಖಕಿಗೆ ಅದನ್ನೇ ಹೇಳಿದೆ, ಅವರ ಕಾದಂಬರಿ ಮುಗಿಯಿತು. ಪಕ್ಕದ ಮನೆಯವರಿಗೆ ಡಾಕ್ಟರು ಬರೆದುಕೊಟ್ಟ ಮಾತ್ರೆಯನ್ನು ನಾವು ನುಂಗುವುದಿಲ್ಲ, ಅಲ್ಲವೇ? ವಾರಪತ್ರಿಕೆಗೆ ಧಾರಾವಾಹಿ ಬರೆಯುವವರ ವಿಷಯವೇ ಬೇರೆ. ಅಲ್ಲಿ ಗಡುವು ಅಂದರೆ ಗಡುವು, ಚರ್ಚೆಯಿಲ್ಲ. ತಿಂಗಳುಗಟ್ಟಲೆ ಬರೆಯದೆ ಕೂತವರಿಗೆ ದಿನಕ್ಕೊಂದು ಹೊತ್ತು ಗೊತ್ತುಮಾಡಿಕೊಂಡರೆ ಉಪಯೋಗವಾದೀತು. ಕೆಲವು ವಾರ ಮಾಡಿ ನೋಡಿ. ಆಮೇಲೆ ಪುಟಗಳನ್ನು ಓದಿ, ಕ್ಯಾಲೆಂಡರನ್ನಲ್ಲ. ಪುಟದಲ್ಲಿ ಜೀವವಿಲ್ಲದಿದ್ದರೆ ಬೇರೆ ಹೊತ್ತು, ಬೇರೆ ದಾರಿ.

ನನಗೆ ಕಳಿಸುವುದಾದರೆ ನಡುವಿನ ಹತ್ತು ಪುಟ ಕಳಿಸಿ. ಮೊದಲಿನ ಹತ್ತನ್ನು ಎಲ್ಲರೂ ತಿದ್ದಿ ತಿದ್ದಿ ಇಟ್ಟಿರುತ್ತಾರೆ, ಅದರಿಂದ ನನಗೆ ಹೆಚ್ಚೇನೂ ಗೊತ್ತಾಗುವುದಿಲ್ಲ. ಹಳೆಯ ನುಡಿ ಫಾಂಟಿನಲ್ಲಿದ್ದರೆ ದಯವಿಟ್ಟು ಯೂನಿಕೋಡಿಗೆ ಬದಲಿಸಿ, ಒತ್ತಕ್ಷರಗಳನ್ನು ಒಮ್ಮೆ ನೋಡಿಕೊಂಡು ಕಳಿಸಿ.