ಪದೇಪದೇ ಆಕ್ಸಿಮೀಟರ್ ನೋಡುವವರಿಗೆ ಆಸರೆ ಯಾವುದು?

ಸಾಂಕ್ರಾಮಿಕದ ದಿನಗಳಲ್ಲಿ ಆತಂಕಗೊಂಡವರು ಮೊದಲು ಹುಡುಕುವುದು ‘ನನಗೇನೂ ಆಗಿಲ್ಲ’ ಎಂಬ ಭರವಸೆಯನ್ನು. ರಕ್ತದ ಆಮ್ಲಜನಕದ ಮಟ್ಟವನ್ನು ಶೇಕಡಾದಲ್ಲಿ ತೋರಿಸುವ ಆಕ್ಸಿಮೀಟರಿಗೆ ಬೆರಳು ಕೊಡುತ್ತಾರೆ. 97 ಬಂದರೆ ಜೀವಕ್ಕೆ ಸಮಾಧಾನ. ಅರ್ಧ ಗಂಟೆಯಲ್ಲಿ ಮತ್ತೆ ಅನುಮಾನ. ಈ ಸಲ ಬೆರಳು ತಣ್ಣಗಿದ್ದು 92 ತೋರಿಸಿತೆನ್ನಿ, ಎದೆ ಧಸಕ್ಕೆನ್ನುತ್ತದೆ, ಉಸಿರಾಟ ಜೋರಾಗುತ್ತದೆ. ಹೀಗೆ ಬಿರಬಿರನೆ ಉಸಿರಾಡಿದಾಗ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು ತುಟಿ, ಬೆರಳ ತುದಿ ಜುಮ್ಮೆನ್ನುತ್ತವೆ, ತಲೆ ತೇಲಿದಂತಾಗುತ್ತದೆ, ಎಷ್ಟು ಎಳೆದುಕೊಂಡರೂ ಉಸಿರು ಸಾಲದು ಅನಿಸುತ್ತದೆ. ಸೋಂಕು ಶ್ವಾಸಕೋಶಕ್ಕೆ ಇಳಿದೇಬಿಟ್ಟಿತು ಎಂದು ನಂಬುವುದು ಈ ಹಂತದಲ್ಲೇ.

ಆದ್ದರಿಂದ ಅಳೆಯುವ ಕ್ರಮ ಸರಿಯಿರಬೇಕು. ಐದು ನಿಮಿಷ ಸುಮ್ಮನೆ ಕೂತು, ಅಂಗೈ ಉಜ್ಜಿ ಬೆಚ್ಚಗೆ ಮಾಡಿ, ಉಗುರುಬಣ್ಣ ತೆಗೆದು, ಕೈ ಅಲುಗಿಸದೆ ಅಂಕಿ ನಿಲ್ಲುವವರೆಗೆ ಕಾಯಿರಿ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಸಾಕು. ವೈದ್ಯರು ಹೆಚ್ಚು ಸಲ ನೋಡಲು ಹೇಳಿದ್ದರೆ ಅಥವಾ ಹೊಸ ಲಕ್ಷಣ ಕಂಡರೆ ಮಾತು ಬೇರೆ. ಹೀಗೆ ನೋಡಿಯೂ 94 ಅಥವಾ ಅದಕ್ಕಿಂತ ಕಡಿಮೆ ಬಂದರೆ ತಡಮಾಡದೆ ವೈದ್ಯರನ್ನು ಸಂಪರ್ಕಿಸಿ. ಮಾತಾಡುವಾಗಲೇ ಏದುಸಿರು, ಎದೆನೋವು, ತುಟಿ ನೀಲಿಗಟ್ಟುವುದು ಇದ್ದರೆ ಅಂಕಿ ಎಷ್ಟೇ ಇರಲಿ, ಆಸ್ಪತ್ರೆಗೆ ಹೊರಡಿ. ಅದನ್ನು ಗಾಬರಿ ಎಂದು ತಳ್ಳಿಹಾಕಬಾರದು.

ಗಾಬರಿಯ ಉಸಿರಾಟವಾದರೆ ‘ಜೋರಾಗಿ ಉಸಿರೆಳೆದುಕೋ’ ಎನ್ನುವ ಸಲಹೆ ಕಷ್ಟವನ್ನೇ ಹೆಚ್ಚಿಸುತ್ತದೆ. ಮೂಗಿನಿಂದ ನಾಲ್ಕು ಎಣಿಸುವಷ್ಟು ಹೊತ್ತು ಮೆಲ್ಲಗೆ ಒಳಗೆ, ಆರು ಎಣಿಸುವಷ್ಟು ಹೊತ್ತು ಹೊರಗೆ, ಐದು ನಿಮಿಷ. ಹೊರಬಿಡುವ ಉಸಿರು ಉದ್ದವಾಗಿರುವುದೇ ಮುಖ್ಯ.

ಮನೆಯವರು ಎಡವುವುದು ಮಾತಿನಲ್ಲಿ. ಕೇಳಿದಾಗಲೆಲ್ಲ ‘ಏನೂ ಆಗಲ್ಲ ಬಿಡು’ ಎಂದರೆ ಆ ಮಾತೂ ಆಕ್ಸಿಮೀಟರಿನಂತೆಯೇ ಆಗುತ್ತದೆ: ಕ್ಷಣದ ನೆಮ್ಮದಿ, ಮತ್ತೆ ಅದೇ ಪ್ರಶ್ನೆ. ಒಮ್ಮೆ ಸ್ಪಷ್ಟವಾಗಿ ಉತ್ತರಿಸಿ. ಮತ್ತೆ ಕೇಳಿದರೆ, ‘ತುಂಬಾ ಹೆದರಿಕೆ ಆಗ್ತಿದೆ ಅಲ್ವಾ? ಫೋನ್ ಇಡಲ್ಲ, ಮಾತಾಡ್ತಾ ಇರೋಣ’ ಎನ್ನಿ. ಬೇರೆ ಕೋಣೆಯಲ್ಲಿ ಒಂಟಿಯಾಗಿರುವವರಿಗೆ ಇದು ನಿಜಕ್ಕೂ ದೊಡ್ಡ ಆಸರೆ.

ಎರಡು ವಾರವಾದರೂ ನಿದ್ದೆ, ಊಟ, ಕೆಲಸ ಹಳಿಗೆ ಬರದಿದ್ದರೆ ತಜ್ಞರ ನೆರವು ಬೇಕು. ಆತಂಕದ ಮಟ್ಟ ಅಳೆಯುವ ಜಿಎಡಿ-7 ಎಂಬ ಏಳು ಪ್ರಶ್ನೆಗಳ ಪಟ್ಟಿಯಲ್ಲಿ 21ಕ್ಕೆ 10 ಅಥವಾ ಹೆಚ್ಚು ಬಂದರೆ ತಪಾಸಣೆ ಮಾಡಿಸಿಕೊಳ್ಳಿ. ಆ ಅಂಕವೇ ಕಾಯಿಲೆಯ ತೀರ್ಮಾನವಲ್ಲ. ಸಹಾಯವಾಣಿಗೆ ಕರೆ ಮಾಡಿದಾಗ ಈಗ ಯಾವುದು ಸಹಿಸಲಾಗುತ್ತಿಲ್ಲ, ಎಷ್ಟು ದಿನದಿಂದ, ಮದ್ಯ ಅಥವಾ ನಿದ್ದೆಮಾತ್ರೆ ಹೆಚ್ಚಾಗಿದೆಯೇ ಎಂಬುದನ್ನು ಮೊದಲೇ ಹೇಳಿಬಿಡಿ.

ಆಪ್ತರಿಗೆ ಸಾಯುವ ಯೋಚನೆ ಬರುತ್ತಿದೆಯೇನೋ ಎಂಬ ಅನುಮಾನವಿದ್ದರೆ ‘ಸಾಯಬೇಕು ಅನ್ನಿಸ್ತಿದೆಯಾ?’ ಎಂದು ನೇರವಾಗಿ ಕೇಳಿ. ಕೇಳಿದ ಮಾತ್ರಕ್ಕೆ ಆ ಯೋಚನೆ ಹುಟ್ಟುವುದಿಲ್ಲ. ಹೌದು ಎಂದರೆ ಅವರನ್ನು ಒಂಟಿಯಾಗಿ ಬಿಡಬೇಡಿ, ಮಾತ್ರೆಗಳನ್ನು ಕೈಗೆಟುಕದಂತೆ ತೆಗೆದಿಟ್ಟು ಕೂಡಲೇ ತುರ್ತು ಸೇವೆಗೆ ಕರೆ ಮಾಡಿ.