ಮನೆ ಸಾಲದ ಜೊತೆ ತಲೆಗೆ ಕಟ್ಟಿದ ವಿಮೆ: ಬ್ರಿಟನ್ನಿನ ಪಿಪಿಐ ದೂರುಗಳ ಹಿನ್ನೆಲೆ

ಬ್ರಿಟನ್ನಿನಲ್ಲಿ ಪಿಪಿಐ (ಪೇಮೆಂಟ್ ಪ್ರೊಟೆಕ್ಷನ್ ಇನ್ಶೂರೆನ್ಸ್) ಎಂಬ ಸಾಲದ ವಿಮೆ ಬಗ್ಗೆ ದೂರು ಕೊಡಲು ಹೊರಟವರು ಒಂದು ಉದ್ದನೆಯ ಪ್ರಶ್ನಾವಳಿ ತುಂಬಬೇಕಿತ್ತು. ಸಾಲ ತೆಗೆದುಕೊಂಡಾಗ ನಿಮ್ಮದು ಕಾಯಂ ನೌಕರಿಯೋ, ಸ್ವಂತ ಉದ್ಯೋಗವೋ? ಕಾಯಿಲೆ ಬಿದ್ದರೆ ಕಂಪನಿ ಎಷ್ಟು ದಿನ ಸಂಬಳ ಕೊಡುತ್ತಿತ್ತು? ಆಗಲೇ ಏನಾದರೂ ಕಾಯಿಲೆ ಇತ್ತಾ? ಕೂಡಿಟ್ಟ ಹಣ, ಬೇರೆ ವಿಮೆ ಏನಿತ್ತು? ಇವನ್ನೆಲ್ಲ ವಿಮೆ ಮಾರುವ ದಿನವೇ ಕೇಳಬೇಕಿತ್ತು, ಅಲ್ವಾ? ಅವತ್ತು ಎಷ್ಟೋ ಜನರನ್ನು ಯಾರೂ ಕೇಳಲಿಲ್ಲ. ವರ್ಷಗಳು ಕಳೆದ ಮೇಲೆ, ದೂರು ಕೊಟ್ಟವರೇ ಹಳೇ ಕಾಗದಪತ್ರ ಹುಡುಕಿ ಉತ್ತರ ಬರೆಯಬೇಕಾಯಿತು.

ಪಿಪಿಐ ಅಂದರೆ ಸಾಲದ ಕಂತಿಗೆ ಮಾಡಿಸುವ ವಿಮೆ. ಅಪಘಾತವಾಗಿಯೋ, ಕಾಯಿಲೆ ಬಿದ್ದೋ, ಕೆಲಸ ಹೋಗಿಯೋ ಕಂತು ಕಟ್ಟಲಾಗದಿದ್ದರೆ ವಿಮಾ ಕಂಪನಿ ಕಟ್ಟಬೇಕು. ಸಾಮಾನ್ಯವಾಗಿ 12 ತಿಂಗಳವರೆಗೆ, ಅದೂ ಶುರುವಿನ ಒಂದೆರಡು ತಿಂಗಳು ಬಿಟ್ಟು. ಕ್ರೆಡಿಟ್ ಕಾರ್ಡ್, ಪರ್ಸನಲ್ ಲೋನ್, ಕಾರ್ ಲೋನ್, ಮನೆ ಸಾಲ, ಎಲ್ಲದರ ಜೊತೆಗೂ ಇದನ್ನು ಮಾರಿದರು. ಮಾರಾಟವಾದ ಪಾಲಿಸಿಗಳು 6.4 ಕೋಟಿಯವರೆಗೂ ಇರಬಹುದು ಎಂಬುದು ಅಲ್ಲಿನ ನಿಯಂತ್ರಕರ ಅಂದಾಜು. ಹೆಚ್ಚಿನವು 1990ರಿಂದ 2010ರ ನಡುವಿನವು. ಇದರಲ್ಲಿ ಮನೆ ಸಾಲದ ವಿಮೆಯ ಕಥೆ ಮಾತ್ರ ಸ್ವಲ್ಪ ಬೇರೆ. ಅದಕ್ಕೆ ದಾರಿ ಮಾಡಿಕೊಟ್ಟದ್ದು ಸರ್ಕಾರವೇ.

1989ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನ ಮೂಲ ಬಡ್ಡಿ ದರ ಶೇ. 15ಕ್ಕೆ ಏರಿತ್ತು. ಸಾಲ ಮಾಡಿ ಮನೆ ಕೊಂಡವರು ನಲುಗಿದರು. 1991ರ ಒಂದೇ ವರ್ಷದಲ್ಲಿ 75 ಸಾವಿರಕ್ಕೂ ಹೆಚ್ಚು ಮನೆಗಳು ಸಾಲ ಕೊಟ್ಟವರ ವಶವಾದವು. ಕೆಲಸ ಕಳೆದುಕೊಂಡು ಸರ್ಕಾರದ ನೆರವಿಗೆ ಬಂದವರಿಗೆ ಆಗ ಮನೆ ಸಾಲದ ಬಡ್ಡಿಯನ್ನೂ ಸರ್ಕಾರ ಕಟ್ಟಿಕೊಡುತ್ತಿತ್ತು. ಮೊದಲ 16 ವಾರ ಅರ್ಧ, ಆಮೇಲೆ ಪೂರ್ತಿ. ಈ ಖರ್ಚು ಕೈಮೀರುತ್ತಿದೆ ಅನ್ನಿಸಿದಾಗ ಜಾನ್ ಮೇಜರ್ ಸರ್ಕಾರ ನಿಯಮ ಬದಲಿಸಿತು. 1995ರ ಅಕ್ಟೋಬರ್‌ನಿಂದ ಹೊಸದಾಗಿ ಸಾಲ ಮಾಡಿದವರಿಗೆ ಮೊದಲ 39 ವಾರ ಬಿಡಿಗಾಸೂ ಇಲ್ಲ. ಆ ಒಂಬತ್ತು ತಿಂಗಳಿಗೆ ಖಾಸಗಿ ವಿಮೆ ಮಾಡಿಸಿಕೊಳ್ಳಿ ಎಂಬುದು ಸರ್ಕಾರದ ಸಲಹೆ. ಆಮೇಲೆ ಬಂದ ಲೇಬರ್ ಸರ್ಕಾರವೂ ಇದನ್ನು ಹಾಗೇ ಬಿಟ್ಟಿತು. ಆ ಅವಧಿ 13 ವಾರಕ್ಕೆ ಇಳಿದದ್ದು 2009ರಲ್ಲಿ, ಆರ್ಥಿಕ ಕುಸಿತದ ನಡುವೆ. 2016ರಲ್ಲಿ ಮತ್ತೆ 39 ವಾರ ಆಯಿತು. 2018ರ ಏಪ್ರಿಲ್‌ನಿಂದ ಆ ನೆರವೂ ಹೋಗಿ, ತೀರಿಸಬೇಕಾದ ಇನ್ನೊಂದು ಸಾಲವಾಯಿತು.

ಪಿಪಿಐ ಬಗ್ಗೆ ಮಾತಾಡುವವರು ಬ್ಯಾಂಕುಗಳನ್ನು ಬೈಯುತ್ತಾರೆ. ಬೈಯಬೇಕಾದದ್ದೇ. ಆದರೆ ಮನೆ ಸಾಲದ ಮಟ್ಟಿಗೆ ಸರ್ಕಾರದ ಪಾಲನ್ನೂ ಲೆಕ್ಕಕ್ಕೆ ಹಿಡಿಯಬೇಕು. ಭಯವಂತೂ ಸುಳ್ಳಲ್ಲ. ಕೆಲಸ ಹೋದರೆ ಒಂಬತ್ತು ತಿಂಗಳು ಏನು ಮಾಡುತ್ತೀರಿ ಎಂದು ಬ್ಯಾಂಕಿನವರು ಕೇಳಿದರೆ ಯಾರಿಗಾದರೂ ಎದೆ ಝಲ್ಲೆನ್ನುತ್ತದೆ. ಅದೇ ಹೊತ್ತಲ್ಲಿ ಸಾಲದ ಕಾಗದಗಳ ನಡುವೆ ವಿಮೆಯ ಅರ್ಜಿಯೂ ಬರುತ್ತಿತ್ತು. ಕೆಲವು ಕಡೆ ಆ ಪುಟದಲ್ಲಿ ಒಪ್ಪಿಗೆಯ ಗುರುತು ಮೊದಲೇ ಬಿದ್ದಿರುತ್ತಿತ್ತು. ಇದಿಲ್ಲದೆ ಸಾಲ ಸಿಗೋದು ಕಷ್ಟ ಎಂದು ಕೆಲವರಿಗೆ ಹೇಳಿದರು. ಇನ್ನು ಕೆಲವರಿಗೆ ವಿಮೆ ಮಾಡಿಸಿದ್ದೇವೆ ಎಂಬುದೇ ಗೊತ್ತಿರಲಿಲ್ಲ.

ತೊಂದರೆ ಇದ್ದದ್ದು ಸಣ್ಣ ಅಕ್ಷರಗಳಲ್ಲಿ. ಮೊದಲೇ ಇದ್ದ ಕಾಯಿಲೆಗೆ ಹಣ ಇಲ್ಲ. ಬೆನ್ನುನೋವು, ಮಾನಸಿಕ ಒತ್ತಡಕ್ಕೆ ಹಲವು ಪಾಲಿಸಿಗಳಲ್ಲಿ ಇಲ್ಲ ಅಥವಾ ನೂರೆಂಟು ಷರತ್ತು. ಜನ ಕೆಲಸ ಬಿಟ್ಟು ಮನೆಯಲ್ಲಿ ಕೂರುವುದು ಹೆಚ್ಚಾಗಿ ಇವೆರಡರಿಂದಲೇ! ಸ್ವಂತ ಉದ್ಯೋಗದವರು, ಗುತ್ತಿಗೆ ಮೇಲೆ ಕೆಲಸ ಮಾಡುವವರು, ವಯಸ್ಸಾದವರು, ಇವರಿಗೆ ಕ್ಲೇಮ್ ಸಿಗುವುದು ಕಷ್ಟವಿತ್ತು. ಆದರೂ ಪ್ರೀಮಿಯಂ ಮಾತ್ರ ಅವರಿಂದಲೂ ವಸೂಲಾಗುತ್ತಿತ್ತು. ಇನ್ನು ಕೆಲವರಿಗೆ ಈ ವಿಮೆ ಅಷ್ಟಾಗಿ ಬೇಕೇ ಇರಲಿಲ್ಲ. ಬ್ರಿಟನ್ನಿನ ಸರ್ಕಾರಿ ಎನ್‌ಎಚ್‌ಎಸ್ ಆಸ್ಪತ್ರೆಗಳಲ್ಲಿ ನಮ್ಮ ಕನ್ನಡದ ಡಾಕ್ಟರುಗಳು ಸಾಕಷ್ಟು ಜನ ಇದ್ದಾರೆ. ಅಲ್ಲಿ ಐದು ವರ್ಷ ಸೇವೆಯಾದ ಮೇಲೆ ಕಾಯಿಲೆ ಬಿದ್ದರೆ ಆರು ತಿಂಗಳು ಪೂರ್ತಿ ಸಂಬಳ, ಇನ್ನಾರು ತಿಂಗಳು ಅರ್ಧ ಸಂಬಳ ಸಿಗುತ್ತದೆ. ಅಂಥವರಿಗೆ 12 ತಿಂಗಳ ಕಾಯಿಲೆ ವಿಮೆ ಮಾರುವ ಮೊದಲು ಈ ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು.

2005ರ ಸೆಪ್ಟೆಂಬರ್‌ನಲ್ಲಿ ಸಿಟಿಜನ್ಸ್ ಅಡ್ವೈಸ್ ಎಂಬ ಸೇವಾಸಂಸ್ಥೆ ನ್ಯಾಯೋಚಿತ ವ್ಯಾಪಾರದ ಕಚೇರಿ (ಆಫೀಸ್ ಆಫ್ ಫೇರ್ ಟ್ರೇಡಿಂಗ್) ಎಂಬ ಸರ್ಕಾರಿ ಸಂಸ್ಥೆಗೆ ಸೂಪರ್ ಕಂಪ್ಲೇಂಟ್ ಸಲ್ಲಿಸಿತು. ಇದು ಒಬ್ಬರ ದೂರಲ್ಲ, ಇಡೀ ಮಾರುಕಟ್ಟೆಯೇ ಕೆಟ್ಟಿದೆ ಎಂದು ಹೇಳಲು ಕಾನೂನು ಕೊಟ್ಟ ದಾರಿ. ಸಾಲದಲ್ಲಿ ಮುಳುಗಿ ಸಲಹೆಗೆ ಬರುವ ಜನರ ಕೈಯಲ್ಲಿ ಕೆಲಸಕ್ಕೆ ಬಾರದ ಪಿಪಿಐ ಪಾಲಿಸಿಗಳನ್ನು ಅವರ ಸಿಬ್ಬಂದಿ ವರ್ಷಗಟ್ಟಲೆ ನೋಡಿದ್ದರು. ಅದೇ ವರ್ಷದ ಜನವರಿಯಲ್ಲಿ ವಿಮೆ ಮಾರಾಟದ ಉಸ್ತುವಾರಿ ಹಣಕಾಸು ನಿಯಂತ್ರಕ ಎಫ್‌ಎಸ್‌ಎಗೆ ಬಂದಿತ್ತು. ಅದು ತಪಾಸಣೆ ಮಾಡಿತು, ಎಚ್ಚರಿಕೆ ಕೊಟ್ಟಿತು, ಆಗೊಮ್ಮೆ ಈಗೊಮ್ಮೆ ದಂಡ ಹಾಕಿತು. ಬೇಡ ಎಂದ ಗ್ರಾಹಕರನ್ನೂ ಫೋನಿನಲ್ಲಿ ಒತ್ತಾಯಿಸುವಂತೆ ಸಿಬ್ಬಂದಿಗೆ ಹೇಳಿಕೊಟ್ಟಿದ್ದ ಅಲಯನ್ಸ್ ಅಂಡ್ ಲೆಸ್ಟರ್ ಬ್ಯಾಂಕಿಗೆ 2008ರಲ್ಲಿ ಬಿದ್ದ ದಂಡ 70 ಲಕ್ಷ ಪೌಂಡ್. ಈ ವ್ಯಾಪಾರದ ಲಾಭದ ಮುಂದೆ ಅದು ಏನೂ ಅಲ್ಲ.

ಇನ್ನೊಂದು ಕಡೆ ಸ್ಪರ್ಧಾ ಆಯೋಗ ತನಿಖೆ ನಡೆಸಿ 2009ರ ಜನವರಿಯಲ್ಲಿ ಮೂಲಕ್ಕೇ ಕೈಹಾಕಿತು. ಸಾಲ ಕೊಡುವ ಹೊತ್ತಲ್ಲಿ ವಿಮೆ ಮಾರಬೇಡಿ, ಏಳು ದಿನ ಬಿಡಿ ಎಂದಿತು. ಬಾರ್‌ಕ್ಲೇಸ್ ಬ್ಯಾಂಕ್ ಮೇಲ್ಮನವಿ ಹಾಕಿತು. ಆಯೋಗ ಮತ್ತೆ ಲೆಕ್ಕ ಹಾಕಿ ಅದೇ ಮಾತು ಹೇಳಿತು. ಆ ನಿಯಮ ಜಾರಿಯಾಗುವಾಗ 2012 ಬಂದಿತ್ತು. ಏಳು ದಿನದ ಅಂತರಕ್ಕೆ ಮೂರು ವರ್ಷ!

ಇಷ್ಟೆಲ್ಲ ಆದರೂ ಮುಂದೆ ಮಾರುವುದನ್ನು ತಡೆದಂತಾಯಿತೇ ಹೊರತು, ಆಗಲೇ ಹಣ ಕಟ್ಟಿದವರಿಗೆ ಏನೂ ಸಿಕ್ಕಿರಲಿಲ್ಲ. ಅವರ ದೂರುಗಳನ್ನು ಬ್ಯಾಂಕುಗಳು ಸುಮ್ನೆ ತಳ್ಳಿಹಾಕುತ್ತಿದ್ದವು. ನನ್ನ ಪ್ರಕಾರ ಇಡೀ ಕಥೆ ತಿರುಗಿದ್ದು 2010ರ ಆಗಸ್ಟ್‌ನಲ್ಲಿ, ದೂರನ್ನು ಹೇಗೆ ಓದಬೇಕು ಎಂದು ಎಫ್‌ಎಸ್‌ಎ ಬರೆದುಕೊಟ್ಟಾಗ. ಮಾರುವಾಗ ಮುಖ್ಯ ವಿಷಯ ಮುಚ್ಚಿಟ್ಟಿದ್ದರೆ, ಸರಿಯಾಗಿ ಹೇಳಿದ್ದರೆ ಗ್ರಾಹಕ ಕೊಳ್ಳುತ್ತಿರಲಿಲ್ಲ ಎಂದೇ ಹಲವು ಸಂದರ್ಭಗಳಲ್ಲಿ ಭಾವಿಸಬೇಕು. ಒಂದೇ ಥರದ ದೂರುಗಳು ಬರುತ್ತಿದ್ದರೆ ಅದರ ಮೂಲ ಹುಡುಕಬೇಕು. ದೂರು ಕೊಡದ ಗ್ರಾಹಕರಿಗೂ ಅದೇ ಅನ್ಯಾಯ ಆಗಿದೆಯಾ ಎಂದು ಯೋಚಿಸಬೇಕು.

ಬ್ಯಾಂಕುಗಳಿಗೆ ಬಿಸಿ ಮುಟ್ಟಿದ್ದು ಆಗ. ಹಳೇ ಮಾರಾಟಕ್ಕೆ ಹೊಸ ನಿಯಮ ಹಾಕುತ್ತಿದ್ದೀರಿ ಎಂದು ಅವರ ಸಂಘ ಕೋರ್ಟಿಗೆ ಹೋಯಿತು. ಗ್ರಾಹಕರನ್ನು ನ್ಯಾಯವಾಗಿ ನಡೆಸಿಕೊಳ್ಳಬೇಕು ಎಂಬ ಮೂಲ ತತ್ವ ಮೊದಲಿಂದಲೂ ಇತ್ತು ಎಂದು 2011ರ ಏಪ್ರಿಲ್ 20ರಂದು ನ್ಯಾಯಮೂರ್ತಿ ಔಸ್ಲಿ ಅರ್ಜಿ ತಿರಸ್ಕರಿಸಿದರು. ಮೇ ತಿಂಗಳಲ್ಲಿ ಲಾಯ್ಡ್ಸ್ ಬ್ಯಾಂಕ್ ಹಿಂದೆ ಸರಿದು 320 ಕೋಟಿ ಪೌಂಡ್ ತೆಗೆದಿಟ್ಟಿತು. ಕೆಲವೇ ದಿನಗಳಲ್ಲಿ ಸಂಘವೂ ಮೇಲ್ಮನವಿ ಕೈಬಿಟ್ಟಿತು. ಕಡೆಗೆ ಲಾಯ್ಡ್ಸ್ ಒಂದಕ್ಕೇ ಇದು ಸುಮಾರು 2,200 ಕೋಟಿ ಪೌಂಡ್‌ನ ಬಾಬತ್ತಾಯಿತು.

ದಾರಿ ತೆರೆಯಿತು ಅಂದುಕೊಂಡರೆ, ಬಾಗಿಲಲ್ಲಿ ಕೂತವರು ಅವರೇ. ದೂರನ್ನು ಮೊದಲು ನೋಡುವುದು ವಿಮೆ ಮಾರಿದ ಬ್ಯಾಂಕೇ. ಅದಕ್ಕೆ ಎಂಟು ವಾರದ ಗಡುವು. ಉತ್ತರ ಒಪ್ಪಿಗೆಯಾಗದಿದ್ದರೆ ಆರು ತಿಂಗಳೊಳಗೆ, ಇಂಥ ತಕರಾರು ತೀರ್ಮಾನಿಸುವ ಫೈನಾನ್ಷಿಯಲ್ ಓಂಬುಡ್ಸ್‌ಮನ್ ಬಳಿ ಹೋಗಬಹುದು, ಅದು ಪುಕ್ಕಟೆ. ದೂರು ಗೆದ್ದರೆ ಕಟ್ಟಿದ ಪ್ರೀಮಿಯಂ ಪೂರ್ತಿ ವಾಪಸ್, ಅದಕ್ಕೆ ತೆತ್ತ ಬಡ್ಡಿ, ಮೇಲೆ ವರ್ಷಕ್ಕೆ ಶೇ. 8ರ ಸರಳ ಬಡ್ಡಿ. ಆದರೆ ಲಾಯ್ಡ್ಸ್‌ನಲ್ಲಿ ದೂರು ನೋಡುವವರಿಗೆ, ನಮ್ಮ ಮಾರಾಟದ ವಿಧಾನ ಸರಿಯಾಗಿಯೇ ಇತ್ತು ಎಂದು ನಂಬಿ ಮುಂದುವರಿಯಿರಿ ಎಂಬ ಸೂಚನೆ ಇತ್ತು. 2015ರ ಜೂನ್‌ನಲ್ಲಿ ಇದಕ್ಕೆ ಬಿದ್ದ ದಂಡ 11.7 ಕೋಟಿ ಪೌಂಡ್. ಅದೇ ವರ್ಷ ಕ್ಲೈಡ್ಸ್‌ಡೇಲ್ ಬ್ಯಾಂಕಿಗೆ 2 ಕೋಟಿ ಪೌಂಡ್‌ಗೂ ಜಾಸ್ತಿ ದಂಡ ಬಿತ್ತು. ಅಲ್ಲಿನ ತಂಡವೊಂದು ಓಂಬುಡ್ಸ್‌ಮನ್‌ಗೆ ಕಳಿಸುವ ಕಂಪ್ಯೂಟರ್ ಪ್ರಿಂಟ್‌ಔಟ್‌ಗಳನ್ನೇ ತಿದ್ದಿ, ನಮ್ಮ ಬಳಿ ದಾಖಲೆ ಇಲ್ಲ ಎಂದು ತೋರಿಸಿತ್ತು. 2013-14ರ ಒಂದೇ ವರ್ಷದಲ್ಲಿ ಓಂಬುಡ್ಸ್‌ಮನ್‌ಗೆ ಸುಮಾರು 4 ಲಕ್ಷ ಪಿಪಿಐ ದೂರುಗಳು ಯಾಕೆ ಬಂದವು ಎಂದು ಇನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಗೊಂದಲದಲ್ಲಿ ಮಧ್ಯವರ್ತಿಗಳೂ ಹುಟ್ಟಿಕೊಂಡರು. ಕ್ಲೇಮ್ ಕಂಪನಿಗಳು ಹಗಲೂ ರಾತ್ರಿ ಫೋನ್ ಮಾಡಿ, ಬಂದ ಹಣದಲ್ಲಿ ಕಾಲುಭಾಗಕ್ಕೂ ಹೆಚ್ಚು ಕಿತ್ತುಕೊಳ್ಳುತ್ತಿದ್ದವು. 2018ರ ಜುಲೈನಲ್ಲಿ ಅದಕ್ಕೆ ಶೇ. 20ರ ಮಿತಿ ಬಂತು. ಗ್ರಾಹಕ ತಾನೇ ಪುಕ್ಕಟೆಯಾಗಿ ತುಂಬಬಹುದಾದ ಅರ್ಜಿಗೆ ಇಷ್ಟು ಬೆಲೆ!

ಕಮಿಷನ್ ಎಷ್ಟಿತ್ತು ಎಂಬುದು ಎಲ್ಲರಿಗೂ ತಿಳಿದದ್ದು ಪ್ಲೆವಿನ್ ಪ್ರಕರಣದಿಂದ. 2014ರ ನವೆಂಬರ್ 12ರಂದು ಬ್ರಿಟನ್ನಿನ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಅದು. 2006ರಲ್ಲಿ ಪ್ಲೆವಿನ್ ಎಂಬ ಮಹಿಳೆ ಮನೆಯ ಆಧಾರದ ಮೇಲೆ ಪ್ಯಾರಗಾನ್ ಕಂಪನಿಯಿಂದ 34,000 ಪೌಂಡ್ ಸಾಲ ತೆಗೆದುಕೊಂಡಿದ್ದರು. ಪಿಪಿಐ ಪ್ರೀಮಿಯಂ 5,780 ಪೌಂಡ್ ಒಂದೇ ಗಂಟಿನಲ್ಲಿ, ಅದನ್ನೂ ಸಾಲಕ್ಕೇ ಸೇರಿಸಿದ್ದರು. ಸಾಲ ಹತ್ತು ವರ್ಷದ್ದು, ವಿಮೆ ಐದೇ ವರ್ಷದ್ದು. 5,780ರಲ್ಲಿ ದಲ್ಲಾಳಿಗೆ 1,870, ಪ್ಯಾರಗಾನ್‌ಗೆ 2,280. ವಿಮಾ ಕಂಪನಿಗೆ ಮುಟ್ಟಿದ್ದು ಬರೀ 1,630. ಅಂದರೆ ಶೇ. 71.8 ಕಮಿಷನ್, ಅದಕ್ಕೂ ಹತ್ತು ವರ್ಷ ಬಡ್ಡಿ! ಇಷ್ಟು ದೊಡ್ಡ ಕಮಿಷನ್ ಮುಚ್ಚಿಟ್ಟದ್ದರಿಂದ ಸಾಲದ ಸಂಬಂಧವೇ ಅನ್ಯಾಯದ್ದಾಯಿತು ಎಂದು ಕೋರ್ಟ್ ಹೇಳಿತು. ತಪ್ಪು ಮಾರಾಟ ಸಾಬೀತಾಗದೆ ಸೋತವರಿಗೂ ಹೊಸ ದಾರಿ ಸಿಕ್ಕಿತು.

ಆದರೆ ಮನೆ ಸಾಲದವರಿಗೆ ಇಲ್ಲೂ ಒಂದು ಕೊಕ್ಕೆ. ಈ ತೀರ್ಪು ನಿಂತದ್ದು 1974ರ ಗ್ರಾಹಕ ಸಾಲ ಕಾಯ್ದೆಯ 140ಎ ಕಲಂ ಮೇಲೆ. ಮನೆ ಕೊಳ್ಳಲು ತೆಗೆದುಕೊಳ್ಳುವ, ನಿಯಂತ್ರಣಕ್ಕೆ ಒಳಪಟ್ಟ ಮೊದಲ ಅಡಮಾನದ ಸಾಲಗಳನ್ನು ಆ ಕಲಂ ಹೊರಗಿಟ್ಟಿದೆ. ಅದೇ ಮನೆಯ ಮೇಲೆ ಎತ್ತಿದ ಎರಡನೇ ಸಾಲಕ್ಕೆ ಪ್ಲೆವಿನ್ ವಾದ ನಡೆಯಿತು, ಮನೆ ಕೊಂಡ ಸಾಲಕ್ಕೆ ನಡೆಯಲಿಲ್ಲ. ಅವರು ತಪ್ಪು ಮಾರಾಟವನ್ನೇ ತೋರಿಸಬೇಕಿತ್ತು. 39 ವಾರದ ಹೆದರಿಕೆಯಿಂದ ವಿಮೆ ಕೊಂಡವರು ಇವರೇ ತಾನೇ?

ಕೊನೆಗೆ ಗಡುವು. ಎಫ್‌ಎಸ್‌ಎ ಜಾಗಕ್ಕೆ ಬಂದ ಎಫ್‌ಸಿಎ, 2019ರ ಆಗಸ್ಟ್ 29ರೊಳಗೆ ದೂರು ಕೊಡಿ ಎಂದು ಸಾರಿತು. ಬ್ಯಾಂಕುಗಳ ದುಡ್ಡಿನಲ್ಲೇ ನಡೆದ ಜಾಹೀರಾತಿನಲ್ಲಿ ಅರ್ನಾಲ್ಡ್ ಶ್ವಾರ್ಜನೆಗರ್‌ನ ಯಂತ್ರದ ತಲೆಯೊಂದು ಎಲ್ಲೆಂದರಲ್ಲಿ ಓಡಾಡಿ, ಬೇಗ ನಿರ್ಧಾರ ಮಾಡಿ ಎಂದು ಗದರುತ್ತಿತ್ತು. ನೋಡೋಕೆ ವಿಚಿತ್ರ, ಆದರೆ ಕೆಲಸ ಮಾಡಿತು. ಕೊನೆಯ ದಿನಗಳಲ್ಲಿ ಅರ್ಜಿಗಳ ಪ್ರವಾಹವೇ ಬಂತು. 2011ರಿಂದ ವಾಪಸ್ ಕೊಟ್ಟ ಮೊತ್ತ 3,830 ಕೋಟಿ ಪೌಂಡ್ ತಲುಪಿತು. ಗಡುವು ತಪ್ಪಿದವರಿಗೆ ಈಗ ತೀರಾ ಅಪರೂಪದ ಕಾರಣ ಇದ್ದರೆ ಮಾತ್ರ ಅವಕಾಶ.

ನಮ್ಮಲ್ಲಿ ಹೋಮ್ ಲೋನ್ ಮಾಡಿದವರಿಗೆ ಆ ಒಂದೇ ಗಂಟಿನ ಪ್ರೀಮಿಯಂ ಅಪರಿಚಿತವೇನಲ್ಲ. ಮಂಜೂರಾತಿ ಪತ್ರ ತೆಗೆದು ನೋಡಿದರೆ ಮನೆಯ ಬೆಲೆಗೆ ಸಂಬಂಧವಿಲ್ಲದ ಒಂದು ಮೊತ್ತ ಸಾಲಕ್ಕೆ ಸೇರಿರುವುದು ಕೆಲವರಿಗೆ ಕಾಣುತ್ತದೆ. ಹೋಮ್ ಲೋನ್‌ಗೆ ಸಾಲ ರಕ್ಷಣೆ ವಿಮೆ ಕಡ್ಡಾಯ ಎಂದು ರಿಸರ್ವ್ ಬ್ಯಾಂಕ್ ಆಗಲಿ ವಿಮಾ ನಿಯಂತ್ರಕ ಐಆರ್‌ಡಿಎಐ ಆಗಲಿ ಹೇಳಿಲ್ಲ. ವಿಮೆಯ ತಪ್ಪು ಮಾರಾಟದಿಂದ ಸಾಲದ ಖರ್ಚೇ ಜಾಸ್ತಿಯಾಗುತ್ತದೆ ಎಂದು ಕರ್ನಾಟಕದಿಂದ ರಾಜ್ಯಸಭೆಗೆ ಆಯ್ಕೆಯಾದ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ 2024ರ ನವೆಂಬರ್‌ನಲ್ಲಿ ಬ್ಯಾಂಕಿನವರ ಮುಂದೆಯೇ ಹೇಳಿದ್ದರು. ಪಾಲಿಸಿ ಕೈಸೇರಿದ 30 ದಿನಗಳೊಳಗೆ ಬೇಡ ಎಂದು ವಾಪಸ್ ಮಾಡಬಹುದು. ಅದು ದಾಟಿದ್ದರೆ ಮೊದಲು ಬ್ಯಾಂಕಿಗೆ ಮತ್ತು ವಿಮಾ ಕಂಪನಿಗೆ ಲಿಖಿತ ದೂರು, ಆಮೇಲೆ ಓಂಬುಡ್ಸ್‌ಮನ್. ವಿಮಾ ಓಂಬುಡ್ಸ್‌ಮನ್ ಕಚೇರಿ ಬೆಂಗಳೂರಿನಲ್ಲೇ ಇದೆ.

ಬ್ರಿಟನ್ನಿನಲ್ಲಿ ಈಗ ಸರದಿ ಕಾರ್ ಲೋನ್‌ನದು. 2025ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟ್ ಅದೇ 140ಎ ಕಲಂ ಹಿಡಿದು, ಮುಚ್ಚಿಟ್ಟ ದೊಡ್ಡ ಕಮಿಷನ್‌ನಿಂದಾಗಿ ಒಬ್ಬ ಗ್ರಾಹಕನಿಗೆ ಅನ್ಯಾಯವಾಗಿದೆ ಎಂದು ತೀರ್ಪು ಕೊಟ್ಟಿತು. ಎರಡು ತಿಂಗಳ ನಂತರ ಎಫ್‌ಸಿಎ ಪರಿಹಾರ ಯೋಜನೆಯ ಕರಡು ಹೊರತಂದಿತು. ಅದರಲ್ಲಿ, ಇನ್ನೂ ದೂರು ಕೊಡದ ಗ್ರಾಹಕರಿಗೂ ಸಾಲ ಕೊಟ್ಟ ಕಂಪನಿಯೇ ಪತ್ರ ಬರೆದು, ನಿಮ್ಮ ಪ್ರಕರಣ ನೋಡಬೇಕಾ ಎಂದು ಕೇಳಬೇಕು ಎಂಬ ಪ್ರಸ್ತಾವ ಇತ್ತು.