ಬೆಲ್ ಹೊಡೆಯುವವರೆಗೆ ಎದೆಹಾಲು ಕಾಯುತ್ತಾ?

ಕೋಲಾರ ಜಿಲ್ಲೆಯ ನರಸಾಪುರ, ವೇಮಗಲ್ ಕಡೆಯ ಕಾರ್ಖಾನೆಗಳಿಗೆ ಬೆಳಗಿನ ಶಿಫ್ಟಿಗೆ ಬರುವ ಬಸ್ಸುಗಳಲ್ಲಿ ಹೆಣ್ಣುಮಕ್ಕಳು ತುಂಬಿರುತ್ತಾರೆ. ಮುಳಬಾಗಿಲಿನಲ್ಲಿ ನಾಲ್ಕು ತಿಂಗಳ ಕೂಸನ್ನು ಅಜ್ಜಿಯ ಕೈಗೆ ಕೊಟ್ಟು ಬಸ್ ಹತ್ತಿದ ತಾಯಿಯೂ ಅವರಲ್ಲಿ ಇರುತ್ತಾಳೆ. ಹನ್ನೊಂದು ಗಂಟೆಗೆಲ್ಲ ಅವಳ ಎದೆ ಕಲ್ಲಿನ ಹಾಗೆ ಬಿಗಿಯುತ್ತದೆ. ಪಕ್ಕದವಳು ಮಗುವಿನ ಮಾತೆತ್ತಿದರೆ ಸಾಕು, ಹಾಲು ತಾನಾಗೇ ಸೋರುತ್ತದೆ. ವೇಲ್ ಮುಂದಕ್ಕೆ ಎಳೆದುಕೊಂಡು ಕೆಲಸ ಮಾಡುತ್ತಾಳೆ.

ಇದು ಹಾರ್ಮೋನಿನ ಕೆಲಸ. ಹಾಲು ತಯಾರಾಗಲು ಪ್ರೊಲ್ಯಾಕ್ಟಿನ್ ಬೇಕು, ತಯಾರಾದದ್ದು ಹೊರಗೆ ಬರಲು ಆಕ್ಸಿಟೋಸಿನ್ ಬೇಕು. ಮಗು ಬಾಯಿ ಹಾಕಿದಾಗ, ಒಮ್ಮೊಮ್ಮೆ ಅದರ ನೆನಪಾದಾಗಲೂ, ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ಆಕ್ಸಿಟೋಸಿನ್ ಬಿಡುತ್ತದೆ. ಹಾಲಿನ ಚೀಲಗಳನ್ನು ಸುತ್ತಿಕೊಂಡ ಪುಟ್ಟ ಸ್ನಾಯುಕೋಶಗಳು ಆಗ ಹಾಲನ್ನು ಹೊರಕ್ಕೆ ಒತ್ತುತ್ತವೆ. ಗಾಬರಿ, ನೋವು, ಅವಸರ ಇದ್ದರೆ ಇದೇ ಕೆಲಸ ತಡೆದುನಿಲ್ಲುತ್ತದೆ. ಕೋಲಾರದಲ್ಲಿ ಹಸು ಕಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಹೊಸ ಕೈ ಬಂದರೆ, ಪಕ್ಕದಲ್ಲಿ ನಾಯಿ ಬೊಗಳಿದರೆ ಹಸು ಹಾಲು ಇಳಿಸುವುದಿಲ್ಲ. (ತಾಯಂದಿರು ಮುನಿಸಿಕೊಳ್ಳಬೇಡಿ, ಹಾರ್ಮೋನು ಇಬ್ಬರಿಗೂ ಒಂದೇ.) ಹಾಗಿರುವಾಗ ಚಿಲಕ ಸರಿಯಿಲ್ಲದ ಟಾಯ್ಲೆಟ್ಟಿನಲ್ಲಿ, ಹೊರಗೆ ಯಾರೋ ಬಾಗಿಲು ಬಡಿಯುತ್ತಿರುವಾಗ ಹಾಲು ಹಿಂಡಿಕೊಂಡು ಬಾ ಅಂದರೆ ಹೇಗೆ?

ಸಂಜೆವರೆಗೆ ತಡೆದುಕೊಳ್ಳಲಿ ಅನ್ನುವವರೂ ಇದ್ದಾರೆ. ಎದೆ ತುಂಬಿಯೇ ಇದ್ದರೆ ತಯಾರಿಕೆ ನಿಧಾನವಾಗುತ್ತದೆ. ಈ ಲೆಕ್ಕ ಆಯಾ ಎದೆಯೊಳಗೇ ನಡೆಯುತ್ತದೆ: ಒಂದು ಬದಿಯದ್ದನ್ನಷ್ಟೇ ಖಾಲಿ ಮಾಡುತ್ತಿದ್ದರೆ, ಬಿಟ್ಟ ಬದಿಯಲ್ಲಿ ಮಾತ್ರ ಹಾಲು ಕಡಿಮೆಯಾಗುತ್ತಾ ಹೋಗುತ್ತದೆ. ಹಾಲು ಕಟ್ಟಿಕೊಂಡು, ಎದೆ ಕೆಂಪಾಗಿ, ಚಳಿಜ್ವರ ಬರುವುದೂ ಉಂಟು. 'ಕೆಲಸಕ್ಕೆ ಹೋದ ಮೇಲೆ ಹಾಲೇ ಬತ್ತಿಹೋಯ್ತು' ಅನ್ನುವವರಿಗೆ ಯಾರ ದೃಷ್ಟಿಯೂ ತಗುಲಿಲ್ಲ. ಬಹಳ ಸಲ ಹಾಲು ತೆಗೆಯಲು ಜಾಗ, ಪುರುಸೊತ್ತು ಸಿಕ್ಕಿಲ್ಲ ಅಷ್ಟೆ.

ಕಾನೂನು ಇಲ್ಲ ಅಂತಲ್ಲ. 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ಬಂದು, ಮೊದಲ ಎರಡು ಮಕ್ಕಳಿಗೆ ಸಂಬಳ ಸಹಿತ ರಜೆ 26 ವಾರ ಆಯಿತು. ಹೆರಿಗೆಗೆ ಮುಂಚೆಯೇ 8 ವಾರ ತೆಗೆದುಕೊಂಡವರಿಗೆ ಉಳಿಯುವುದು 18 ವಾರ, ಅಂದರೆ ನಾಲ್ಕು ತಿಂಗಳು ಚಿಲ್ಲರೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಆರು ತಿಂಗಳವರೆಗೆ ಎದೆಹಾಲು ಮಾತ್ರ ಎಂದು. ನಡುವಿನ ಆ ಎರಡು ತಿಂಗಳೇ ಕಷ್ಟದ್ದು. ಕೆಲಸಕ್ಕೆ ಮರಳಿದ ಮೇಲೆ ಮಗುವಿಗೆ 15 ತಿಂಗಳಾಗುವವರೆಗೆ ಊಟದ ಬಿಡುವಲ್ಲದೆ ದಿನಕ್ಕೆ ಇನ್ನೆರಡು ಬಿಡುವು ಕೊಡಬೇಕು. 50 ಅಥವಾ ಅದಕ್ಕಿಂತ ಜಾಸ್ತಿ ನೌಕರರಿರುವ ಕಡೆ ಮಕ್ಕಳನ್ನು ನೋಡಿಕೊಳ್ಳುವ ಕೇಂದ್ರ ಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಬಹುದು. ಒಳ್ಳೆಯ ಮಾತೇ. ಆದರೆ ಇದೆಲ್ಲ ಮಗು ಕೂಗಳತೆಯಲ್ಲಿದೆ ಅಂದುಕೊಂಡು ಬರೆದದ್ದು. ಕತ್ತಲಲ್ಲೇ ಎದ್ದು ಬಸ್ ಹಿಡಿಯುವವಳು ಕೂಸನ್ನೂ ಹೊತ್ತು ತರುತ್ತಾಳಾ? ಅವಳಿಗೆ ಬೇಕಾದದ್ದು ಒಳಗಿಂದ ಚಿಲಕ ಹಾಕಿಕೊಳ್ಳುವ ಒಂದು ಕೋಣೆ, ಕುರ್ಚಿ, ಕೈ ತೊಳೆಯಲು ನಲ್ಲಿ, ಒಂದು ಸಣ್ಣ ಫ್ರಿಜ್. ಪಂಪ್ ಇಲ್ಲದಿದ್ದರೂ ನಡೆಯುತ್ತದೆ. ಮೊಲೆತೊಟ್ಟಿನ ಸುತ್ತಲಿನ ಕಪ್ಪು ಭಾಗದ ಅಂಚಿಗೆ ಹೆಬ್ಬೆರಳು, ತೋರುಬೆರಳು ಇಟ್ಟು, ಎದೆಗೂಡಿನ ಕಡೆಗೆ ಒತ್ತಿ, ಆಮೇಲೆ ಬೆರಳುಗಳನ್ನು ಅದುಮಿದರೆ ಹಾಲು ಬರುತ್ತದೆ. ತೊಟ್ಟನ್ನು ಎಳೆಯಬಾರದು.

ಫ್ರಿಜ್ ಯಾಕೆ ಅಂತೀರಾ? ಹಿಂಡಿದ ಹಾಲನ್ನು 25 ಡಿಗ್ರಿಯವರೆಗಿನ ತಂಪಿನಲ್ಲಿ ನಾಲ್ಕು ಗಂಟೆ ಹೊರಗಿಡಬಹುದು. ನಮ್ಮ ಏಪ್ರಿಲ್ ಬಿಸಿಲಿಗೆ ಆ ಭರವಸೆ ಇಲ್ಲ. ಫ್ರಿಜ್‌ನಲ್ಲಾದರೆ ನಾಲ್ಕು ದಿನ ಇರುತ್ತದೆ. ಬಸ್ಸಿನಲ್ಲಿ ತರಲು ಐಸ್ ಪ್ಯಾಕ್ ಇಟ್ಟ ಚೀಲ ಸಾಕು.

ಇನ್ನು ಮನೆಯಲ್ಲಿ ಅಜ್ಜಿಗೆ ಹೇಳಬೇಕಾದ್ದು. ಫ್ರಿಜ್‌ನಲ್ಲಿಟ್ಟ ಎದೆಹಾಲಿನ ಮೇಲೆ ಕೆನೆ ಬೇರೆಯಾಗಿ ನಿಲ್ಲುತ್ತದೆ. ಅದು ಒಡೆದದ್ದಲ್ಲ, ಮೆಲ್ಲಗೆ ಕುಲುಕಿದರೆ ಬೆರೆಯುತ್ತದೆ. ಪ್ಯಾಕೆಟ್ ಹಾಲಿನ ಹಾಗೆ ಒಲೆ ಮೇಲಿಟ್ಟು ಉಕ್ಕಿಸಬೇಡಿ, ರೋಗದ ವಿರುದ್ಧ ಹೋರಾಡುವ ಪ್ರೋಟೀನುಗಳು ಹಾಳಾಗುತ್ತವೆ. ಬಿಸಿನೀರಿನ ಪಾತ್ರೆಯಲ್ಲಿ ಬಟ್ಟಲನ್ನಿಟ್ಟು ಉಗುರುಬೆಚ್ಚಗೆ ಮಾಡಿ, ಒಳಲೆಯಲ್ಲಿ ಕುಡಿಸಿ.